ಸಾಸಿವೆ ಕಾಳಿನ ಕುಂಬಾರಿಕೆ

ಮೈಕ್ರೋವೇವ್ ಡಿಸೈನ್ ಮಾಡ್ತೀನಿ ಅಂದ್ರೆ ನೆಂಟರಿಷ್ಟರೆಲ್ಲ ಅಡುಗೆಮನೆಯ ಒಲೆ ಅಂತಲೇ ತಿಳಿಯುತ್ತಾರೆ. ಪೂರ್ತಿ ತಪ್ಪೇನಲ್ಲ ಬಿಡಿ. ಆ ಒಲೆ, ಬ್ಲೂಟೂತ್, ಮನೆಯ ಹಳೇ ವೈ-ಫೈ ಎಲ್ಲ ಇರುವುದು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ. ನನ್ನ ಕೆಲಸ ಮಾತ್ರ ಸಾಸಿವೆ ಕಾಳಿನಷ್ಟು ದೊಡ್ಡ ಫಿಲ್ಟರುಗಳದ್ದು. ಮೊಬೈಲಿನೊಳಗೆ ಕೂತು, ಬೇಕಾದ ತರಂಗ ಬಿಟ್ಟು ಬೇಡದ್ದನ್ನು ತಡೆಯುವ ಸೆರಾಮಿಕ್ ಚೂರುಗಳು. ಚಿಪ್ ಬಗ್ಗೆ ಎಲ್ಲರೂ ಬರೀತಾರೆ, ಇವುಗಳ ಬಗ್ಗೆ ಯಾರೂ ಬರೆಯಲ್ಲ. ಅದಕ್ಕೇ ಇದು.

ಇದರ ತಂತ್ರಕ್ಕೆ ಎಲ್‌ಟಿಸಿಸಿ ಅಂತ ಹೆಸರು. ಕಡಿಮೆ ಉಷ್ಣತೆಯಲ್ಲಿ, ಲೋಹದ ಜೊತೆಗೇ ಸುಡುವ ಸೆರಾಮಿಕ್. ಆ "ಕಡಿಮೆ" ಅನ್ನೋದನ್ನು ನಂಬಬೇಡಿ, ಅದು 850 ಡಿಗ್ರಿ! ಬರೀ ಅಲ್ಯುಮಿನಾ ಆದರೆ 1600ರ ಹತ್ತಿರ ಸುಡಬೇಕು. ಬೆಳ್ಳಿ 961ಕ್ಕೇ ಕರಗಿಬಿಡುತ್ತೆ, ಹಾಗಾಗಿ ಟಂಗ್‌ಸ್ಟನ್ ಹಾಕಬೇಕು. ಅದರ ರೋಧ ಬೆಳ್ಳಿಯ ಮೂರೂವರೆ ಪಟ್ಟು, ಸಿಗ್ನಲ್ ದಾರಿಯಲ್ಲೇ ಬಿಸಿಯಾಗಿ ಸಾಯುತ್ತೆ. ಗಾಜು ಬೆರೆಸಿದರೆ 850ಕ್ಕೇ ಬೇಯುತ್ತೆ, ಬೆಳ್ಳಿಯೂ ಉಳಿಯುತ್ತೆ. ಹಸಿ ಹಾಳೆಗೆ ತೂತು ಹೊಡೆದು, ಬೆಳ್ಳಿಯ ಪೇಸ್ಟ್ ತುಂಬಿ, ಮದುವೆ ಕಾರ್ಡಿನ ಥರ ಸ್ಕ್ರೀನ್ ಪ್ರಿಂಟ್ ಮಾಡಿ, ಒಂದರ ಮೇಲೊಂದು ಪೇರಿಸಿ, ಒತ್ತಿ, ಸುಡೋದು. ಅಷ್ಟೇ.

ಅಷ್ಟೇ ಅಂದೆನಲ್ಲ, ತಲೆನೋವು ಶುರುವಾಗೋದೇ ಅಲ್ಲಿಂದ.

2.45 ಗಿಗಾಹರ್ಟ್ಸ್ ತರಂಗದ ಕಾಲು ಭಾಗ ಗಾಳಿಯಲ್ಲಿ 3 ಸೆಂ.ಮೀ. ಡೈಎಲೆಕ್ಟ್ರಿಕ್ ಸ್ಥಿರಾಂಕ 7.8 ಇರುವ ಸೆರಾಮಿಕ್‌ನಲ್ಲಿ 11 ಮಿ.ಮೀ.ಗೆ ಇಳಿಯುತ್ತೆ. ಆದರೆ ನನಗೆ ಸಿಕ್ಕಿರುವ ಜಾಗ 2 ಮಿ.ಮೀ.! ಅಂದಮೇಲೆ ಉದ್ದನೆಯ ಗೆರೆ ಎಳೆಯೋ ಹಾಗಿಲ್ಲ. ಮಹಡಿಯಿಂದ ಮಹಡಿಗೆ ಸುತ್ತಿ ಹತ್ತುವ ಸುರುಳಿ, ತಟ್ಟೆಗಳ ನಡುವೆ ಕೆಪಾಸಿಟರ್, ಹೀಗೆ ಮನೆ ಕಟ್ಟಬೇಕು. ಒಂದು ಮಿ.ಮೀ. ಚೌಕದ ಎರಡು ತಟ್ಟೆ, ನಡುವೆ 0.1 ಮಿ.ಮೀ. ಅಂತರ, ಸಿಗೋದು 0.7 ಪಿಕೋಫ್ಯಾರಡ್. ಸಾಲದಿದ್ದರೆ ಇನ್ನೂ ತಟ್ಟೆ ಪೇರಿಸಿ. ಆದರೆ ಇದು ಹಳೇ ವಠಾರ ಇದ್ದ ಹಾಗೆ, ಪಕ್ಕದ ಮನೆಯ ಪಿಸುಮಾತೂ ಕೇಳುತ್ತೆ. ಸುರುಳಿ ಸುಮ್ಮನೆ ಕೂರದೆ ತಟ್ಟೆಯ ಜೊತೆ ಮಾತಾಡುತ್ತೆ. ಜಾಣರು ಆ ಪಿಸುಮಾತನ್ನೇ ಬಳಸಿಕೊಂಡು, ಬೇಡದ ತರಂಗಕ್ಕೆ ಸರಿಯಾದ ಜಾಗದಲ್ಲಿ ಗುಂಡಿ ತೋಡುತ್ತಾರೆ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗೋದು ಇದೇ.

ಇಷ್ಟೆಲ್ಲ ಕಂಪ್ಯೂಟರಿನಲ್ಲಿ ಆಗುತ್ತೆ. ಆಮೇಲಿನದು ಗೂಡಿನಲ್ಲಿ. ಡ್ಯೂಪಾಂಟ್ 951 ಹಾಳೆ ಸುಟ್ಟಾಗ ಉದ್ದಗಲದಲ್ಲಿ 12.7 ಶೇಕಡಾ ಕುಗ್ಗುತ್ತೆ, ದಪ್ಪದಲ್ಲಿ 15. ಅದಕ್ಕೆ ಎಲ್ಲವನ್ನೂ 1.145 ಪಟ್ಟು ದೊಡ್ಡದಾಗಿ ಬರೆಯಬೇಕು. ಬೆಳ್ಳಿಗೆ ಅದರದೇ ಲೆಕ್ಕ. ಒಂದು ಕಡೆ ಬೆಳ್ಳಿ ಜಾಸ್ತಿಯಾದರೆ ಹಪ್ಪಳದ ಥರ ಸೊಟ್ಟಗಾಗುತ್ತೆ. ಪದರ ನಾಲ್ಕೇ ಶೇಕಡಾ ತೆಳುವಾದರೂ ಕೆಪಾಸಿಟರ್ ನಾಲ್ಕು ಶೇಕಡಾ ದೊಡ್ಡದಾಗಿ, ಫಿಲ್ಟರ್ 50 ಮೆಗಾಹರ್ಟ್ಸ್ ಕೆಳಗೆ ಜಾರುತ್ತೆ. ಆ ವೈ-ಫೈ ಬ್ಯಾಂಡಿನ ಅಗಲವೇ 83.5! ಮಾಮೂಲಿ ಬೋರ್ಡ್ ಆದರೆ ಬ್ಲೇಡಿನಲ್ಲಿ ಕೆರೆದೋ ತಾಮ್ರದ ಪಟ್ಟಿ ಅಂಟಿಸಿಯೋ ಸರಿ ಮಾಡಬಹುದು. ಇಲ್ಲಿ ಎಲ್ಲ ಕಲ್ಲಿನೊಳಗೆ ಸೇರಿಹೋಗಿದೆ, ಏನೂ ಮಾಡೋ ಹಾಗಿಲ್ಲ.

ನನ್ನ ತಕರಾರು ಇರೋದು ಇಲ್ಲೇ. ಬೆಂಗಳೂರಿನಲ್ಲಿ ಕೂತು ನಮ್ಮಂಥವರು ಚಿತ್ರ ಬರೆದು ಕಳಿಸ್ತೀವಿ, ಬೇರೆ ಎಲ್ಲೋ ಸುಡ್ತಾರೆ, ಮೂರು ತಿಂಗಳಿಗೆ ಒಂದು ರಿಪೋರ್ಟ್ ಬರುತ್ತೆ. ಸಾಫ್ಟ್‌ವೇರಿಗೆ ಈ ಪದ್ಧತಿ ಒಗ್ಗಿತು, ಇದಕ್ಕೆ ಒಗ್ಗಲ್ಲ. ಯಾಕೆ ಸೊಟ್ಟಗಾಯ್ತು ಅನ್ನೋದು ರಿಪೋರ್ಟಿನಲ್ಲಿ ಬರಲ್ಲ, ಗೂಡಿನ ಪಕ್ಕ ನಿಂತವನಿಗೆ ಗೊತ್ತಿರುತ್ತೆ. ಕಾಲೇಜು ಮುಗಿಸಿ ಬರುವ ಹುಡುಗರಿಗೆ 7.8 ಅನ್ನೋದು ಸಿಮ್ಯುಲೇಟರಿನಲ್ಲಿ ತುಂಬುವ ಒಂದು ಸಂಖ್ಯೆ ಅಷ್ಟೇ. ಹುಡುಗರನ್ನು ಬೈದು ಏನು ಪ್ರಯೋಜನ, ಹಸಿ ಹಾಳೆಯನ್ನು ಅವರಿಗೆ ತೋರಿಸಿದವರು ಯಾರು?

ಕ್ಯೋಟೋದ ಮುರಾಟ ಕಂಪನಿ ನೋಡಿ. ಅಕಿರಾ ಮುರಾಟ 1944ರಲ್ಲಿ ಅದನ್ನು ಶುರು ಮಾಡಿದಾಗ ಅವರ ಮನೆತನದ ಕಸುಬು ಪಿಂಗಾಣಿ ಇನ್ಸುಲೇಟರ್. ಇವತ್ತು ಮೊಬೈಲ್ ಬಿಚ್ಚಿದರೆ ಒಳಗೆ ಅವರ ಚೂರುಗಳೇ. ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರಲ್ಲೂ ಪಿಂಗಾಣಿ ಕಾರ್ಖಾನೆ ಇತ್ತು, ಆಮೇಲೆ ಬಿಎಚ್‌ಇಎಲ್‌ಗೆ ಸೇರಿತು. ಅಲ್ಲೂ ವಿದ್ಯುತ್ ಇನ್ಸುಲೇಟರೇ ಆಗುತ್ತಿದ್ದದ್ದು. ಮಣ್ಣು, ಗೂಡು, ಕಸುಬುದಾರರು ನಮ್ಮಲ್ಲೂ ಇದ್ದರು ಅಂತ ಹೇಳಿದೆ, ಅಷ್ಟೇ.

ಪುಣೆಯ ಸಿ-ಮೆಟ್‌ನಲ್ಲಿ ಈ ಕೆಲಸ ನಡೆದಿದೆ. ಎಲೆಕ್ಟ್ರಾನಿಕ್ ಬಿಡಿಭಾಗಗಳ ತಯಾರಿಕೆಗೆ ಅಂತ ಕೇಂದ್ರ ಸರ್ಕಾರ 2025ರ ಮಾರ್ಚಿನಲ್ಲಿ 22,919 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೇದೇ. ನನ್ನ ಆಸೆ ಅಷ್ಟು ದೊಡ್ಡದಲ್ಲ. ನಮ್ಮ ಒಂದೆರಡು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ಸಣ್ಣ ಗೂಡು, ಒಂದು ಸ್ಕ್ರೀನ್ ಪ್ರಿಂಟರ್, ಒಂದು ಪ್ರೆಸ್ಸು. ಕೈಯಲ್ಲೇ ತೂತು ಹೊಡೆದು ಐದಾರು ಪದರದ ಒಂದು ಕೆಪಾಸಿಟರ್ ಮಾಡಲಿ, ಎಷ್ಟು ಕುಗ್ಗಿತು ಅಂತ ಅಳೆದು ನೋಡಲಿ. ನಿಮ್ಮಲ್ಲಿ ಕಾಲೇಜು ಮೇಷ್ಟರು ಯಾರಾದರೂ ಇದ್ದರೆ ಹೇಳಿ, ಶನಿವಾರ ಬಂದು ಪಾಠ ಮಾಡೋಕೆ ನಾನು ತಯಾರು.