ವಾಹನ ವಿಚಾರ: ನಾಲ್ಕು ಚಕ್ರಗಳೂ ಎಳೆಯುವ ಕಾರಿನ ಶಕ್ತಿಪರೀಕ್ಷೆ

ನಮ್ಮ ವಾಚಕರಲ್ಲೊಬ್ಬ ಗೃಹಸ್ಥರು ಬರೆದಿರುವ ಕಾಗದದ ಸಾರಾಂಶವಿದು. ಅವರ ಮನೆಯಲ್ಲಿ ಆಲ್ ವೀಲ್ ಡ್ರೈವ್ ಎಂಬ ಜಾತಿಯ, ಎಂದರೆ ನಾಲ್ಕು ಚಕ್ರಗಳಿಗೂ ಎಂಜಿನಿನ ಶಕ್ತಿ ಹಾಯುವ ಕಾರೊಂದು ಉಂಟು. ಅದನ್ನು ಟ್ಯೂನ್ ಮಾಡಿಸಿ ಶಕ್ತಿಯನ್ನು ಹೆಚ್ಚಿಸಬೇಕೆಂದು ಮಗನು ಹಟ ಹಿಡಿದಿದ್ದಾನೆ. ಊರಿನ ವರ್ಕ್‌ಷಾಪೊಂದರಲ್ಲಿ ಶಕ್ತಿಯನ್ನು ಅಳೆಯುವ ಯಂತ್ರವಿದೆ. ಆದರೆ ಅದಕ್ಕಿರುವುದು ಒಂದೇ ಜೊತೆ ಉರುಳೆಗಳು. “ಒಂದು ಫ್ಯೂಸನ್ನು ಕಿತ್ತರಾಯಿತು, ಎರಡು ಚಕ್ರದ ಎಳೆತದ ಗಾಡಿಯಂತೆಯೇ ಅಳೆದುಕೊಡುತ್ತೇವೆ” ಎಂದು ಅಲ್ಲಿನವರು ಹೇಳಿದರಂತೆ. ಇದು ಸರಿಯೆ ಎಂದು ಅವರು ಕೇಳಿದ್ದಾರೆ.

ಸರಿಯಲ್ಲವೆಂದೇ ನಮ್ಮ ಉತ್ತರ. ಆದರೆ ಕಾರಣವನ್ನು ಹೇಳದೆ ಬರಿದೆ ಬೇಡವೆಂದರೆ ಮಗನು ಒಪ್ಪುವುದಿಲ್ಲ, ಒಪ್ಪಬೇಕಾದುದೂ ಇಲ್ಲ. ಆದುದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇವೆ.

ಕುದುರೆಯ ಶಕ್ತಿಗೆ ಲೆಕ್ಕ ಕಟ್ಟಿದವನು ಜೇಮ್ಸ್ ವಾಟ್. ಒಂದು ನಿಮಿಷದಲ್ಲಿ ೩೩,೦೦೦ ಪೌಂಡು ಭಾರವನ್ನು ಒಂದು ಅಡಿ ಎತ್ತುವ ಕೆಲಸವನ್ನು ಅವನು ಒಂದು ಅಶ್ವಶಕ್ತಿಯೆಂದು ಎಣಿಸಿದನು. ಈಗಿನ ಲೆಕ್ಕದಲ್ಲಿ ಅದು ೭೪೬ ವಾಟ್. ತಿರುಗುವ ಗಾಲಿಯೊಂದಕ್ಕೆ ತಡೆಯೊಡ್ಡಿ, ಆ ತಡೆಯ ಬಲದಿಂದ ಶಕ್ತಿಯನ್ನು ಗೊತ್ತುಮಾಡುವ ಉಪಾಯವನ್ನು ಫ್ರಾನ್ಸಿನ ಪ್ರೋನಿ ಎಂಬಾತನು ೧೮೨೧ರಲ್ಲಿ ಕಂಡುಹಿಡಿದನು. ಈಗಿನ ಡೈನಮೊಮೀಟರು, ಸಂಕ್ಷೇಪವಾಗಿ ಡೈನೊ, ಅದೇ ವಂಶದ್ದು. ಕಾರಿನ ಚಕ್ರಗಳನ್ನು ಉಕ್ಕಿನ ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಭಾರವಾದ ಉರುಳೆ ಎಷ್ಟು ಬೇಗ ವೇಗ ಪಡೆಯಿತೆಂಬುದರಿಂದ ಶಕ್ತಿಯನ್ನು ಎಣಿಸುವುದು ಒಂದು ಬಗೆ. ವಿದ್ಯುತ್ತಿನಿಂದ ಉರುಳೆಗೆ ತಡೆಯೊಡ್ಡಿ ಅಳೆಯುವುದು ಇನ್ನೊಂದು ಬಗೆ. ಎರಡರಲ್ಲಿಯೂ ಗಾಡಿ ಇದ್ದಲ್ಲಿಯೇ ಇರುತ್ತದೆ, ಚಕ್ರಗಳು ಮಾತ್ರ ಗಂಟೆಗೆ ೧೫೦ ಕಿಲೋಮೀಟರಿನಂತೆ ತಿರುಗುತ್ತವೆ. ಗಂಡಾಂತರವೆಲ್ಲ ಈ ಒಂದು ಮಾತಿನಲ್ಲಿಯೇ ಅಡಗಿದೆ.

ನಾಲ್ಕೂ ಚಕ್ರ ಎಳೆಯುವ ಗಾಡಿ ಹೊಸತೇನೂ ಅಲ್ಲ. ಹಾಲೆಂಡಿನ ಸ್ಪೈಕರ್ ಕಾರು ೧೯೦೩ರಷ್ಟು ಹಿಂದಿನದು. ೧೯೬೬ರಲ್ಲಿ ಇಂಗ್ಲೆಂಡಿನ ಜೆನ್ಸೆನ್, ೧೯೮೦ರಲ್ಲಿ ಜರ್ಮನಿಯ ಔಡಿ ಕ್ವಾಟ್ರೊ ಬಂದವು. ಆದರೆ ಎಲ್ಲವೂ ಒಂದೇ ಬಗೆಯವಲ್ಲವೆಂಬುದನ್ನು ಇಲ್ಲಿ ಮುಖ್ಯವಾಗಿ ತಿಳಿಯಬೇಕು. ಹಳೆಯ ಜೀಪಿನಲ್ಲಿ ಸನ್ನೆಯೊಂದನ್ನು ಎಳೆದಾಗ ಮಾತ್ರ ಮುಂದಿನ ಚಕ್ರಗಳಿಗೆ ಶಕ್ತಿ ಸೇರುತ್ತದೆ. ಎಳೆಯದಿದ್ದರೆ ಹಿಂದಿನವು ಮಾತ್ರ ತಿರುಗುತ್ತವೆ. ಆಗ ಅದನ್ನು ಒಂದು ಜೊತೆ ಉರುಳೆಯ ಮೇಲೆ ಏರಿಸುವುದಕ್ಕೆ ಅಡ್ಡಿಯಿಲ್ಲ. ಎರಡನೆಯ ಬಗೆಯಲ್ಲಿ ಮುಂದು ಹಿಂದುಗಳಿಗೆ ಸದಾಕಾಲವೂ ಶಕ್ತಿ ಹಂಚುವ ಡಿಫರೆನ್ಷಿಯಲ್ ಒಂದು ಮಧ್ಯದಲ್ಲಿರುತ್ತದೆ. ಇಂಥ ಅನೇಕ ಕಾರುಗಳಲ್ಲಿ ಅದರ ಜೊತೆಗೆ, ಮಂದವಾದ ಸಿಲಿಕೋನ್ ದ್ರವದಲ್ಲಿ ತಿರುಗುವ ಬಿಲ್ಲೆಗಳ ಕೂಡುಗೊಂಡಿಯೊಂದಿರುವುದು. ಮೂರನೆಯ ಬಗೆಯಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ; ಅವು ಜಾರಿದುವೆಂದು ಗಾಡಿಯ ಕಂಪ್ಯೂಟರು ಕಂಡೊಡನೆ ಕ್ಲಚ್ಚನ್ನು ಬಿಗಿದು ಹಿಂದಿನ ಚಕ್ರಗಳನ್ನೂ ಕೆಲಸಕ್ಕೆ ಹಚ್ಚುತ್ತದೆ. ಹಾಲ್ಡೆಕ್ಸ್ ಎಂಬ ಹೆಸರಿನ ಕ್ಲಚ್ಚು ಈ ವರ್ಗದ್ದು. ಫ್ಯೂಸಿನ ಮಾತು ಬಂದಿರುವುದರಿಂದ ನಮ್ಮ ವಾಚಕರ ಕಾರೂ ಈ ಮೂರನೆಯ ಬಗೆಯದೇ ಇರಬೇಕು.

ಈಗ ಇಂಥ ಕಾರಿನ ಮುಂದಿನ ಚಕ್ರಗಳು ಉರುಳೆಯ ಮೇಲೆ, ಹಿಂದಿನವು ನೆಲದ ಮೇಲೆ ಇರುವುವೆಂದು ಭಾವಿಸಿರಿ. ಮುಂದಿನವು ವೇಗವಾಗಿ ತಿರುಗುತ್ತಿವೆ, ಹಿಂದಿನವು ನಿಂತಿವೆ. ಕಂಪ್ಯೂಟರಿಗೆ ಇದು ಕೆಸರಿನಲ್ಲಿ ಮುಂದಿನ ಚಕ್ರ ಜಾರಿದಂತೆಯೇ ಕಾಣುವುದು. ತನ್ನ ಧರ್ಮಕ್ಕೆ ತಕ್ಕಂತೆ ಅದು ಕ್ಲಚ್ಚನ್ನು ಬಿಗಿಯುತ್ತದೆ. ಹಿಂದಿನ ಚಕ್ರಗಳು ನೆಲವನ್ನು ಕಚ್ಚುತ್ತವೆ. ಒಂದೂವರೆ ಟನ್ನಿನ ಗಾಡಿ ಪಟ್ಟಿಗಳನ್ನು ಹರಿದುಕೊಂಡು ಎದುರಿನ ಗೋಡೆಗೆ ನೆಗೆಯಬಹುದು. ಎರಡನೆಯ ಬಗೆಯ ಕಾರಿನಲ್ಲಿಯೂ ಗತಿ ಉತ್ತಮವಲ್ಲ. ಎಡೆಬಿಡದ ವೇಗವ್ಯತ್ಯಾಸದಿಂದ ಕೂಡುಗೊಂಡಿಯ ದ್ರವವು ಕಾದು, ಹಿಗ್ಗಿ, ಒಂದು ಹಂತದಲ್ಲಿ ಬಿಲ್ಲೆಗಳನ್ನು ಥಟ್ಟನೆ ಬೆಸೆದಂತೆ ಹಿಡಿಯುವುದುಂಟು. ನೆಗೆಯದಿದ್ದರೂ ಕೂಡುಗೊಂಡಿ ಸುಟ್ಟುಹೋದೀತು.

ಫ್ಯೂಸು ಕಿತ್ತರೆ ಕ್ಲಚ್ಚು ಬಿಡುವುದಿಲ್ಲವೆ? ಕೆಲವು ಕಾರುಗಳಲ್ಲಿ ಬಿಡುತ್ತದೆ, ಎಲ್ಲವುಗಳಲ್ಲಿಯೂ ಪೂರ್ತಿಯಾಗಿ ಬಿಡುವುದೆಂಬ ಭರವಸೆಯಿಲ್ಲ. ಕಾರು ತಯಾರಿಸಿದವರ ವರ್ಕ್‌ಷಾಪಿನ ಕೈಪಿಡಿಯಲ್ಲಿ ಈ ಕ್ರಮವನ್ನು ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ ಒಪ್ಪಬಹುದು. ಮೇಸ್ತ್ರಿಯ ಬಾಯಿಮಾತು ಸಾಲದು. ಇನ್ನು ಕೆಲವರು ಹಿಂದಿನ ಪ್ರೊಪೆಲ್ಲರ್ ಷಾಫ್ಟನ್ನೇ ಬಿಚ್ಚಿಬಿಡುವುದನ್ನು ಸೂಚಿಸುವರು. ಮಧ್ಯದ ಡಿಫರೆನ್ಷಿಯಲ್ ಇರುವ ಕಾರಿನಲ್ಲಿ ಹಾಗೆ ಮಾಡಿದರೆ ಶಕ್ತಿಯೆಲ್ಲ ಬಿಚ್ಚಿದ ಕಡೆಗೇ ಹರಿದು, ಕೂಡುಗೊಂಡಿ ಒಂದೇ ಎಲ್ಲ ಭಾರವನ್ನೂ ಹೊರಬೇಕಾಗುತ್ತದೆ.

ಸರಿಯಾದ ಯಂತ್ರವೆಂದರೆ ಮುಂದೊಂದು ಜೊತೆ, ಹಿಂದೊಂದು ಜೊತೆ ಉರುಳೆಗಳುಳ್ಳದ್ದು. ಅಷ್ಟೇ ಸಾಲದು. ರಸ್ತೆಯ ಮೇಲೆ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಸಮವೇಗದಲ್ಲಿ ಹೋಗುವಂತೆ ಇಲ್ಲಿಯೂ ಎರಡು ಜೊತೆ ಉರುಳೆಗಳು ಸಮವೇಗದಲ್ಲಿ ತಿರುಗಬೇಕು. ಪಟ್ಟೆಯಿಂದಲೋ ದಂಡದಿಂದಲೋ ವಿದ್ಯುತ್ ನಿಯಂತ್ರಣದಿಂದಲೋ ಅವನ್ನು ಒಂದಕ್ಕೊಂದು ಕೂಡಿಸಿದ್ದಾರೆಯೆ ಎಂಬುದೇ ವರ್ಕ್‌ಷಾಪಿನವರನ್ನು ಕೇಳತಕ್ಕ ಮೊದಲನೆಯ ಪ್ರಶ್ನೆ. ನಾಲ್ಕು ಟೈರುಗಳೂ ಒಂದೇ ಅಳತೆ, ಹೆಚ್ಚುಕಡಮೆ ಒಂದೇ ಸವೆತದವಾಗಿರಬೇಕು. ಮುಂದೆರಡು ಹೊಸತು, ಹಿಂದೆರಡು ಹಳತು ಹಾಕಿ ಹಣ ಉಳಿಸುವ ಪದ್ಧತಿ ಈ ಜಾತಿಯ ಕಾರಿಗೆ ರಸ್ತೆಯ ಮೇಲೂ ಒಳ್ಳೆಯದಲ್ಲ.

ಗಾಡಿಯನ್ನು ಕಟ್ಟುವ ಕ್ರಮವನ್ನು ತಂದೆಯೇ ನಿಂತು ನೋಡುವುದು ಮೇಲು. ಮುಂದೆಯೂ ಹಿಂದೆಯೂ ಓರೆಯಾಗಿ ಎರಡೆರಡು ಪಟ್ಟಿಗಳನ್ನು, ಗಾಡಿಯನ್ನು ಎಳೆಯುವುದಕ್ಕೆಂದು ಇಟ್ಟಿರುವ ಭದ್ರವಾದ ಕೊಂಡಿಗಳಿಗೆ ಬಿಗಿಯಬೇಕು. ಸಸ್ಪೆನ್ಷನ್ನಿನ ತೋಳುಗಳಿಗೆ ಕಟ್ಟಕೂಡದು. ಮೊದಲು ನಿಧಾನವಾಗಿ ಓಡಿಸಿ, ಗಾಡಿ ಉರುಳೆಯ ಮೇಲೆ ನೇರವಾಗಿ ಕುಳಿತ ಬಳಿಕ ಪಟ್ಟಿಗಳನ್ನು ಮತ್ತೊಮ್ಮೆ ಬಿಗಿದು ನೋಡಬೇಕು. ಟೈರಿನ ಸಂದುಗಳಲ್ಲಿ ಸಿಕ್ಕಿದ ಜಲ್ಲಿಕಲ್ಲು ಗುಂಡಿನಂತೆ ಸಿಡಿಯಬಲ್ಲದು. ಅವನ್ನು ಮೊದಲೇ ಕೀಳಿಸಬೇಕು. ಓಟ ನಡೆಯುವಾಗ ಕಾರಿನ ಮುಂದಾಗಲಿ ಹಿಂದಾಗಲಿ ಯಾರೂ ನಿಲ್ಲಕೂಡದು, ಫೋಟೋ ತೆಗೆಯುವ ನೆಂಟರಂತೂ ಮೊದಲೇ ಕೂಡದು. ಓಟ ಮುಗಿದೊಡನೆ ಬ್ರೇಕನ್ನು ಒತ್ತಿ ಹಿಡಿಯದೆ ಉರುಳೆಗಳು ತಾವಾಗಿ ನಿಧಾನವಾಗುವಂತೆ ಬಿಡಬೇಕು. ಹ್ಯಾಂಡ್‌ಬ್ರೇಕಿನ ಗೊಡವೆಗೆ ಹೋಗಲೇಬಾರದು.

ಹೊಗೆಯ ವಿಷಯವನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಪೆಟ್ರೋಲ್ ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಕ್ಕ ಬಲದಿಂದ ಅಂಟಿಕೊಳ್ಳುತ್ತದೆ. ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಸೆಳೆಯುವ ಏರ್ಪಾಡಿಲ್ಲದ ಕೊಠಡಿಯಲ್ಲಿ ನಿಲ್ಲದಿರುವುದೇ ಕ್ಷೇಮ. ಗಾಳಿಯ ಮಾತೂ ಹಾಗೆಯೇ. ಗಂಟೆಗೆ ೧೦೦ ಕಿಲೋಮೀಟರು ಓಡುವ ಕಾರಿಗೆ ಸೆಕೆಂಡಿಗೆ ಸುಮಾರು ೨೮ ಮೀಟರು ವೇಗದ ಗಾಳಿ ತಾನಾಗಿ ದೊರೆಯುತ್ತದೆ. ನಿಂತ ಕಾರಿಗೆ ಅದನ್ನು ದೊಡ್ಡ ಫ್ಯಾನಿನಿಂದ ಒದಗಿಸಬೇಕು. ಮನೆಯ ಟೇಬಲ್ ಫ್ಯಾನಿನಂಥದನ್ನು ಎದುರಿಗಿಟ್ಟು ಕೆಲಸ ನಡೆಸುವವರಿದ್ದರೆ ನಮಸ್ಕಾರ ಹೇಳಿ ಹಿಂದಿರುಗುವುದು.

ಇನ್ನು ಟ್ಯೂನಿಂಗ್. ಪೆಟ್ರೋಲು ಪೂರ್ತಿಯಾಗಿ ಉರಿಯುವುದಕ್ಕೆ ತೂಕದಲ್ಲಿ ಒಂದು ಪಾಲಿಗೆ ೧೪.೭ ಪಾಲು ಗಾಳಿ ಬೇಕು. ಪೂರ್ಣಶಕ್ತಿಯಲ್ಲಿ ಓಡುವಾಗ ೧೨ ಅಥವಾ ೧೩ ಪಾಲಿನಷ್ಟಕ್ಕೆ ಗಾಳಿಯನ್ನು ಇಳಿಸಿ ಪೆಟ್ರೋಲನ್ನು ಧಾರಾಳವಾಗಿ ಕೊಡುವರು. ಟರ್ಬೊ ಎಂಜಿನಿಗೆ ಇನ್ನೂ ತುಸು ಧಾರಾಳವಾಗಿ. ಲೋಭ ಮಾಡಿದರೆ ಒಳಗಿನ ಶಾಖವೇರಿ, ಕಿಡಿಯ ಅಂಕೆಯನ್ನು ಮೀರಿ ಅನಿಲವು ಸಿಡಿಯುವ ‘ನಾಕಿಂಗ್’ ತೊಡಗಿ, ಕ್ಷಣಮಾತ್ರದಲ್ಲಿ ಪಿಸ್ಟನ್ ಒಡೆಯಬಹುದು. ಕಿಡಿಯ ಕಾಲವನ್ನು ಒಂದೊಂದೇ ಡಿಗ್ರಿಯಂತೆ ಮುಂದಕ್ಕೆ ಸರಿಸಿ, ಇನ್ನು ಬಲ ಏರದೆಂದು ಕಂಡ ಕೂಡಲೆ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಬರುವವನೇ ನಿಪುಣನು. ನಡುನಡುವೆ ಎಂಜಿನು ತಣಿಯುವವರೆಗೆ ಕಾಯದವನ ಕೈಗೆ ಬೀಗದ ಕೈ ಕೊಡಬೇಡಿರಿ.

ಕೊನೆಗೆ ಕಾಗದದ ಮೇಲೆ ಬರುವ ಅಂಕೆಗೆ ಮಗನು ಮರುಳಾಗದಿರಲಿ. ಚಕ್ರದಲ್ಲಿ ಅಳೆದ ಶಕ್ತಿ ಎಂಜಿನಿನ ಶಕ್ತಿಗಿಂತ ಯಾವಾಗಲೂ ಕಡಮೆ. ನಾಲ್ಕೂ ಚಕ್ರಗಳಿಗೆ ಹಂಚುವ ಗಾಡಿಯಲ್ಲಿ ಹಲ್ಲುಚಕ್ರಗಳು ಹೆಚ್ಚಾದುದರಿಂದ ನಷ್ಟವೂ ಹೆಚ್ಚು. ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಮೆಯಿರುವ ಕಾರಣ, ಟರ್ಬೊ ಇಲ್ಲದ ಎಂಜಿನಿನ ಬಲವೂ ಅಲ್ಲಿ ಅಷ್ಟು ಕುಗ್ಗುತ್ತದೆ. ಇದನ್ನು ಸರಿದೂಗಿಸಲು ಯಂತ್ರವು ಲೆಕ್ಕದಲ್ಲಿ ಕೂಡಿಸುವ ಅಂಶವನ್ನು ಟರ್ಬೊ ಕಾರಿಗೂ ಹಾಗೆಯೇ ಕೂಡಿಸಿದರೆ, ಇಲ್ಲದ ಅಶ್ವಗಳು ಕಾಗದದ ಮೇಲೆ ಹುಟ್ಟುತ್ತವೆ. ಅದೇ ಯಂತ್ರ, ಅದೇ ದಿನ, ಅದೇ ಗೇರು, ಟೈರಿನಲ್ಲಿ ಅದೇ ಗಾಳಿ, ಹೀಗೆ ಟ್ಯೂನಿಂಗಿನ ಮುಂಚೆ ಒಮ್ಮೆ, ಅನಂತರ ಒಮ್ಮೆ ಅಳೆದ ವ್ಯತ್ಯಾಸವನ್ನು ಮಾತ್ರ ನಂಬಬಹುದು.

ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಗೊತ್ತುಮಾಡಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವು ನಿಷೇಧಿಸಿದೆಯೆಂಬುದನ್ನೂ, ವಿಮೆಯವರಿಗೆ ತಿಳಿಸದೆ ಶಕ್ತಿಯನ್ನು ಹೆಚ್ಚಿಸಿದರೆ ಅಪಘಾತದ ಕಾಲದಲ್ಲಿ ತಕರಾರು ಬರಬಹುದೆಂಬುದನ್ನೂ ತಂದೆಮಕ್ಕಳಿಬ್ಬರೂ ಕುಳಿತು ಯೋಚಿಸಲಿ. ಮೊದಲು ನಾಲ್ಕು ಉರುಳೆಯ ಯಂತ್ರವಿರುವ ಕಡೆ ಅಳತೆಯನ್ನಷ್ಟೇ ಮಾಡಿಸಿ ನೋಡುವುದು ನಮ್ಮ ಸಲಹೆ. ಕಟ್ಟಿಕೊಂಡ ಏರ್ ಫಿಲ್ಟರು, ಸವೆದ ಸ್ಪಾರ್ಕ್ ಪ್ಲಗ್ಗುಗಳು ಇಂಥ ಪರೀಕ್ಷೆಯಲ್ಲಿ ಬಯಲಿಗೆ ಬರುವುದುಂಟು. ಅವನ್ನು ಬದಲಾಯಿಸಿದರೆ ಕಳೆದುಹೋದ ಶಕ್ತಿ ಕಾಯಿದೆಯ ಭಯವಿಲ್ಲದೆ ಹಿಂದಿರುಗುತ್ತದೆ. ಆಮೇಲೆಯೂ ಟ್ಯೂನಿಂಗ್ ಬೇಕೇ ಬೇಕೆಂದಾದರೆ, ಕಂಪ್ಯೂಟರಿನಲ್ಲಿ ಮೊದಲಿದ್ದ ಫೈಲಿನ ಪ್ರತಿಯೊಂದನ್ನು ಕೇಳಿ ಪಡೆದು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.