ಮನೆ ಕಟ್ಟಿದರೆ ಊರು ಕಟ್ಟಿದಂತಾಯಿತೇ?

‘ಸರ್ಕಾರ ಹೊಸ ಮನೆ ಕೊಟ್ಟರೂ ಈ ಜನ ಹೊಳೆದಂಡೆಯ ಹಳೆಯ ಊರನ್ನು ಬಿಡಲೊಲ್ಲರು, ಇವರಿಗೆ ಉಪಕಾರಸ್ಮರಣೆಯೇ ಇಲ್ಲ.’ ನೆರೆ ಸಂತ್ರಸ್ತರ ಕುರಿತು ಪೇಟೆಯ ವಿದ್ಯಾವಂತರು ಹೀಗೆ ಆಡುವುದನ್ನು ಹಲವು ಬಾರಿ ಕೇಳಿದ್ದೇನೆ. ಈ ಮಾತು ಅನ್ಯಾಯದ್ದು.

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಹಾಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಅಸುನೀಗಿದರು. ಮಲಪ್ರಭಾ, ಕೃಷ್ಣಾ, ತುಂಗಭದ್ರಾ ತೀರದ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ‘ಆಸರೆ’ ಯೋಜನೆಯಡಿ ದಾನಿಗಳ ನೆರವಿನಿಂದ ಎತ್ತರದ ನೆಲದಲ್ಲಿ ಹೊಸ ಊರುಗಳೆದ್ದವು. ಸ್ಥಳಾಂತರದ ಉದ್ದೇಶವೂ ದಾನಿಗಳ ಔದಾರ್ಯವೂ ಪ್ರಶ್ನಾತೀತ. ನನ್ನ ತಕರಾರಿರುವುದು ನಕ್ಷೆ ಬರೆದವರೊಂದಿಗೆ.

ನಮ್ಮ ಅಕ್ಕಿಆಲೂರು ಸೀಮೆಯ ಭತ್ತದ ರೈತನನ್ನೇ ಕೇಳಿ ನೋಡಿ. ಮನೆಯೆಂದರೆ ಅವನಿಗೆ ಎತ್ತು ಕಟ್ಟುವ ಕೊಟ್ಟಿಗೆ, ಬಣವೆ ಒಟ್ಟುವ ಹಿತ್ತಲು, ಕಾಳು ತುಂಬುವ ಜಾಗ, ಕೂಗಳತೆಯಲ್ಲಿ ಹೊಲ. ಊರೆಂದರೆ ನಾಟಿಗೂ ಕೊಯ್ಲಿಗೂ ಮುಯ್ಯಾಳಾಗಿ ಬರುವ ಓಣಿಯವರು. ಎರಡು ಕೋಣೆಯ ಮನೆಗಳನ್ನು ಗೆರೆ ಎಳೆದಂತೆ ಸಾಲಾಗಿ ನಿಲ್ಲಿಸಿದ ನಕ್ಷೆಯಲ್ಲಿ ಇವುಗಳಿಗೆ ಎಡೆಯೆಲ್ಲಿ? ಆದ್ದರಿಂದಲೇ ಅನೇಕ ಆಸರೆ ಮನೆಗಳಿಗೆ ಬೀಗ ಬಿತ್ತು, ಸುತ್ತ ಜಾಲಿ ಬೆಳೆಯಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ನರಗುಂದ ತಾಲೂಕಿನ ಕೊಣ್ಣೂರಿಗೆ ಮತ್ತೆ ನುಗ್ಗಿದಳು. ಅದೇ ಮಳೆಗೆ ನಮ್ಮ ವರದಾ ತೀರವೂ ತತ್ತರಿಸಿತು.

ಈ ಪಾಠ ಹೊಸದೇನಲ್ಲ. 1993ರ ಸೆಪ್ಟೆಂಬರ್ 30ರ ಕಿಲಾರಿ ಭೂಕಂಪದ ನಂತರ ಗಡಿಯಾಚೆಯ ಮಹಾರಾಷ್ಟ್ರದಲ್ಲಿ 52 ಹಳ್ಳಿಗಳನ್ನು ಸ್ಥಳಾಂತರಿಸಿದರು. ಅಗಲ ರಸ್ತೆಯ ಚೌಕ ಬಡಾವಣೆಗಳಲ್ಲಿ ಹಳೆಯ ಗಲ್ಲಿಗಳ ಒಡನಾಟ ಚದುರಿತು. 2001ರ ಕಛ್ ಭೂಕಂಪದ ಬಳಿಕ ಗುಜರಾತಿನಲ್ಲಿ ಬಹುಪಾಲು ಕುಟುಂಬಗಳು ಸರ್ಕಾರದ ಹಣ ಪಡೆದು, ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡವು.

2019ರಲ್ಲಿ ನಮ್ಮ ಸರ್ಕಾರವೂ ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿ, ಕಟ್ಟುವ ಹೊಣೆಯನ್ನು ಮಾಲೀಕನಿಗೇ ವಹಿಸಿತು. ಅದು ಸರಿಯಾದ ಹೆಜ್ಜೆ. ಆದರೆ ಅರ್ಧ ಹೆಜ್ಜೆ. ಹೊಳೆದಂಡೆಯಲ್ಲೇ ಮತ್ತೆ ಗೋಡೆ ಎಬ್ಬಿಸಿದರೆ ಮುಂದಿನ ನೆರೆಗೆ ಆಹ್ವಾನವಿತ್ತಂತೆ. ಒಬ್ಬೊಬ್ಬನಿಗೆ ಹಣ ಹಂಚಿದರೆ ಮನೆಯೇಳಬಹುದು, ಊರೇಳದು.

ನಕ್ಷೆಗೆ ಮೊದಲು ಗ್ರಾಮಸಭೆ ನಡೆಯಲಿ. ಹೆಂಗಸರ ಮಾತನ್ನೂ ಭೂಮಿಯಿಲ್ಲದ ಕೂಲಿಕಾರರ ಮಾತನ್ನೂ ಅಲ್ಲಿ ಕೇಳಲಿ. ಒಟ್ಟಿಗೆ ಬಾಳಬಯಸುವ ಓಣಿಯವರಿಗೆ ಒಟ್ಟಿಗೇ ನಿವೇಶನ ಸಿಗಲಿ. ಕೊಟ್ಟಿಗೆಗೂ ಕಣಕ್ಕೂ ಜಾಗವಿರಲಿ. ಮನೆಯ ಕೀಲಿಯೊಡನೆಯೇ ಹಕ್ಕುಪತ್ರ ಕೈಸೇರಲಿ. ಇಷ್ಟನ್ನೂ ಮಾಡಿದ ಮೇಲೂ ಜನ ಬರದಿದ್ದರೆ ಆಗ ಅವರನ್ನು ದೂರೋಣ. ಅಲ್ಲಿಯವರೆಗೆ ಬೀಗ ಬಿದ್ದ ಆ ಮನೆಗಳ ಅಪಕೀರ್ತಿ ಅವುಗಳನ್ನು ಯೋಜಿಸಿದವರದೇ.