ಕೊಡುವ ದಿನವೇ ಆಗಲಿ ಮಾತು

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಕೊಟ್ಟವನ ನೋವನ್ನಷ್ಟೇ ಹೇಳುತ್ತದೆ. ನನ್ನ ಅನುಭವ ಅಷ್ಟು ಸರಳವಲ್ಲ. ಮಂಗಳೂರಿನಲ್ಲಿ ನಾನು ಮನೆ ಕಟ್ಟಿಸುವಾಗ ಗೆಳೆಯರೊಬ್ಬರು ಏಳು ತಿಂಗಳು ದಿನವೂ ಬಂದು ಕೆಲಸದ ಮೇಲ್ವಿಚಾರಣೆ ನೋಡಿಕೊಂಡರು. ಸಂಭಾವನೆಯ ಮಾತೆತ್ತಿದಾಗ ನಕ್ಕು ಸುಮ್ಮನಾದರು. ಎರಡು ವರ್ಷಗಳ ತರುವಾಯ ಅವರ ಕಷ್ಟಕ್ಕೆ ನಾನು 40,000 ರೂಪಾಯಿ ಕೊಟ್ಟೆ. ನನ್ನ ಪಾಲಿಗೆ ಅದು ಕೈಗಡ. ಅವರ ಪಾಲಿಗೆ ಹಳೆಯ ಉಪಕಾರದ ಪ್ರತಿಫಲ. ಮರಳಿ ಕೇಳಿದ ದಿನವೇ ಸ್ನೇಹ ಮುರಿಯಿತು. ಸುಳ್ಳು ಹೇಳಿದವರು ಇಬ್ಬರಲ್ಲಿ ಯಾರೂ ಇರಲಿಲ್ಲ.

1906ರಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ಊರಿದು. ಬ್ಯಾಂಕಿನಲ್ಲಿ ಹತ್ತು ಕಡೆ ಸಹಿ ಹಾಕಲು ಹಿಂಜರಿಯದ ನಾವು ಗೆಳೆಯನೆದುರು ಒಂದು ಚೀಟಿ ಬರೆಯಲು ನಾಚುತ್ತೇವೆ. ಆ ನಾಚಿಕೆಯ ಬೆಲೆಯನ್ನು ನ್ಯಾಯಾಲಯದಲ್ಲಿ ತೆರುತ್ತೇವೆ.

ಕರ್ನಾಟಕದ್ದೇ ಎರಡು ಪ್ರಕರಣಗಳನ್ನು ನೋಡಿ. 45,000 ರೂಪಾಯಿ ಕೈಗಡಕ್ಕೆ ಸಂಬಂಧಿಸಿದ 2001ರ ಚೆಕ್ಕೊಂದರ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2010ರಲ್ಲಿ. ಚೆಕ್ಕಿನ ಸಹಿ ತನ್ನದೆಂದು ಒಪ್ಪಿದ ಮೇಲೆ ಸಾಲವಿತ್ತೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು ಎಂದಿತು ನ್ಯಾಯಾಲಯ. ಗೆಳೆಯರ ನಡುವಿನ 6 ಲಕ್ಷ ರೂಪಾಯಿಯ ಇನ್ನೊಂದು ಪ್ರಕರಣದಲ್ಲಿ, ಅಷ್ಟು ಹಣ ಕೊಡುವ ಶಕ್ತಿ ದೂರುದಾರರಿಗಿತ್ತೇ ಎಂಬ ಸಂಶಯ ನಿವಾರಣೆಯಾಗದೆ 2019ರಲ್ಲಿ ಆರೋಪಿ ಖುಲಾಸೆಯಾದರು. ಗೆದ್ದವರು ಬೇರೆ ಬೇರೆ. ಆದರೆ ಎರಡೂ ಪ್ರಕರಣಗಳು ಮೂರು ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು.

ದಾಕ್ಷಿಣ್ಯಕ್ಕೆ ಕಾನೂನು ಕಾಯುವುದೂ ಇಲ್ಲ. 1963ರ ಕಾಲಮಿತಿ ಕಾಯಿದೆಯಂತೆ ಕೊಟ್ಟ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಇರುವುದು ಮೂರೇ ವರ್ಷ. ಆ ಅವಧಿಯೊಳಗೆ ಸಾಲಗಾರ ಬಾಕಿಯನ್ನು ಒಪ್ಪಿ ಸಹಿ ಮಾಡಿದ ಬರಹವಿದ್ದರೆ ಹೊಸದಾಗಿ ಮೂರು ವರ್ಷ ದೊರೆಯುತ್ತದೆ. ಕೇಳುವುದು ಹೇಗೆಂದು ಸಂಕೋಚಪಡುತ್ತಲೇ ನಾವು ಆ ವರ್ಷಗಳನ್ನು ಕಳೆದುಬಿಡುತ್ತೇವೆ.

ಗೆಳೆತನದಲ್ಲಿ ಬರಹವೇಕೆ ಎಂದು ಕೇಳುವವರಿದ್ದಾರೆ. ಬರಹ ಅಪನಂಬಿಕೆಯ ಗುರುತಲ್ಲ. ನೆನಪಿಗೆ ಕೊಡುವ ಆಸರೆ. ಎಲ್ಲ ಉಪಕಾರಗಳನ್ನೂ ಸಾಲದ ಪುಸ್ತಕಕ್ಕೆ ಏರಿಸಬೇಕೆಂದು ನಾನು ಹೇಳುತ್ತಿಲ್ಲ. ಕೊಡುಗೆಯಾದರೆ ಕೊಡುಗೆಯೆಂದೇ ಕೊಟ್ಟು ಮರೆಯೋಣ. ಸಾಲವಾದರೆ ಮೊತ್ತವನ್ನೂ ಗಡುವನ್ನೂ ಅಂದೇ ಬರೆದುಕೊಳ್ಳೋಣ. ಪಡೆಯುವವರಿಗೂ ಇದೇ ಮಾತು ಸಲ್ಲುತ್ತದೆ: ಗೆಳೆಯನ ಶ್ರಮಕ್ಕೆ ಬೆಲೆಯಿದೆಯೇ ಎಂದು ಮೊದಲೇ ಕೇಳಿ, ಉತ್ತರ ಬರುವವರೆಗೆ ಕಾಯೋಣ.

ನಾನು ಕಾಯಲಿಲ್ಲ. ಅವರ ನಗುವನ್ನೇ ಉತ್ತರವೆಂದು ತಿಳಿದೆ. ನಲವತ್ತು ಸಾವಿರದ ಲೆಕ್ಕ ಇಟ್ಟವನು ಅವರ ಏಳು ತಿಂಗಳ ಲೆಕ್ಕ ಇಡಲಿಲ್ಲ.